ಶಿವದಾರದ ಕಡೆ ಹೋಗುತ್ತಿದ್ದ ಕೈ

ನಮ್ಮ ಕಾಲದ ನರ್ಸುಗಳಿಗೆ ಎಲ್ಲ ಗೊತ್ತಿತ್ತು ಎಂದು ಈಗಿನ ಹುಡುಗಿಯರು ತಿಳಿದುಕೊಂಡಿದ್ದಾರೆ. ನಮ್ಮ ಬೀದಿಯ ಒಬ್ಬಳು ಈಗಷ್ಟೇ ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಬಂದು ಕೂತು, "ಆಗ ಈ ಮಿಷನ್ನುಗಳೆಲ್ಲ ಇರಲಿಲ್ಲವಲ್ಲ ಆಂಟಿ, ಬರೀ ಕೈಯಲ್ಲಿ ಮುಟ್ಟಿ ನೋಡಿ ಕಾಯಿಲೆ ಹೇಳ್ತಿದ್ದರಂತೆ, ಹೌದಾ?" ಎಂದು ಕೇಳಿದಳು. ನನಗೆ ನಗು ಬಂತು. ಮುಟ್ಟಿ ನೋಡಿ ಹೇಳುತ್ತಿದ್ದದ್ದು ನಿಜ, ಅದು ಸರಿಯಾಗಿರುತ್ತಿತ್ತು ಎಂದು ಯಾರು ಹೇಳಿದರೋ ಕಾಣೆ. ನನ್ನ ಸರ್ವೀಸಿನ ಬಹುಭಾಗ ಹೋಗಿದ್ದು ಗೊಂದಲದಲ್ಲೇ. ಯಾವಾಗ ಹೆಡ್ ಸಿಸ್ಟರ್ ಆದೆ, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟು, ಆ ಗೊಂದಲ ಹೇಗಿರುತ್ತಿತ್ತು ಎನ್ನುವುದನ್ನು ಅವಳಿಗಾಗಿ ಬರೆಯುತ್ತೇನೆ.

ನಾನು ಮೊದಲು ಸೇರಿದ್ದು ಕೊಳ್ಳೇಗಾಲದಲ್ಲಿ, ಆ ತಾಲ್ಲೂಕು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಒಬ್ಬ ರೇಷ್ಮೆ ವ್ಯಾಪಾರಿ ತನ್ನ ತಾಯಿಯ ನೆನಪಿಗೆ ನಡೆಸುತ್ತಿದ್ದ ಸಣ್ಣ ಧರ್ಮಾಸ್ಪತ್ರೆ ಅದು. ಹನೂರಿನಲ್ಲೂ ಯಳಂದೂರಿನಲ್ಲೂ ಅದಕ್ಕೆ ಶಾಖೆಗಳಿದ್ದವು. ಶಾಖೆ ಎಂದರೆ ಎರಡೆರಡು ಕೋಣೆ, ಒಂದು ಬೆಂಚು, ಒಂದು ನೀರಿನ ಹಂಡೆ. ಹಳೆಯ ಆಯಾಗಳು ತಮಿಳಿನಲ್ಲಿ ಬಯ್ಯುತ್ತಿದ್ದರು, ರೋಗಿಗಳು ಕನ್ನಡದಲ್ಲಿ ನರಳುತ್ತಿದ್ದರು, ಡಾಕ್ಟರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಯಾವುದಕ್ಕಾದರೂ ನಿಯಮವೇನು ಎಂದು ಕೇಳಿದರೆ, "ಮದ್ರಾಸಿನದೋ ಮೈಸೂರಿನದೋ?" ಎಂದು ನನ್ನನ್ನೇ ಕೇಳುತ್ತಿದ್ದರು. ನಾನು ನಂಜನಗೂಡಿನ ಕಡೆಯವಳು, ಎರಡೂ ಗೊತ್ತಿಲ್ಲದೆ ತಲೆಯಾಡಿಸುತ್ತಿದ್ದೆ.

ನಮ್ಮ ಡಾಕ್ಟರನ್ನು ಎಲ್ಲರೂ ರಾಯರು ಎಂದೇ ಕರೆಯುತ್ತಿದ್ದರು. ಸಿಡುಕರು, ಆದರೆ ಸಿಡುಕಿದ ಮೇಲೆ ತಾವೇ ಕಾಫಿ ತರಿಸಿ ಕೊಡುವ ಜಾತಿ. ಕಾಯಿಲೆ ಗೊತ್ತಾದರೆ ಜೋರಾಗಿ ಅದರ ಹೆಸರು ಹೇಳುತ್ತಿದ್ದರು. ಗೊತ್ತಾಗದಿದ್ದರೆ "ನೋಡೋಣ" ಎಂದು ಕನ್ನಡಕ ತೆಗೆದು ಒರೆಸುತ್ತಿದ್ದರು. ಅವರ ಕೈಕೆಳಗೆ ಕೆಲಸ ಮಾಡಿದ ನಮಗೆಲ್ಲ ಕನ್ನಡಕ ಹೊರಗೆ ಬಂತೆಂದರೆ ಎದೆ ಡವಗುಟ್ಟುತ್ತಿತ್ತು.

ನುಂಗುವ ತೊಂದರೆಯ ಬಗ್ಗೆ ನನಗೆ ಮೊದಲ ಪಾಠ ಆದದ್ದು ಹನೂರಿನ ಶಾಖೆಯಲ್ಲಿ. ಲಕ್ವ ಹೊಡೆದು ಬಾಯಿ ಸೊಟ್ಟಗಾಗಿದ್ದ ಒಬ್ಬ ಅಜ್ಜಿಯನ್ನು ಗಾಡಿಯಲ್ಲಿ ತಂದು ಮಲಗಿಸಿದ್ದರು. ಮಗಳು ಮನೆಯಿಂದ ಒಳಲೆ ತಂದಿದ್ದಳು, ಹಸುಗೂಸುಗಳಿಗೆ ಹಾಲು ಕುಡಿಸುವ ಆ ಮೂತಿಯ ಬಟ್ಟಲು. ಅಂಗಾತ ಮಲಗಿದ್ದ ತಾಯಿಯ ಬಾಯಿಗೆ ಅದರಿಂದ ತೆಳ್ಳನೆ ರಾಗಿ ಗಂಜಿ ಸುರಿಯುತ್ತಿದ್ದಳು. ಎಷ್ಟು ಪ್ರೀತಿಯಿಂದ ಸುರಿಯುತ್ತಿದ್ದಳೆಂದರೆ ನೋಡಿ ನನಗೂ ಸಂತೋಷವಾಯಿತು. ವಾರದ ಭೇಟಿಗೆ ಬಂದ ರಾಯರು ಬಾಗಿಲಿನಿಂದಲೇ ಕೂಗಿದರು: "ನಿಲ್ಲಿಸಮ್ಮ! ಅದು ಹೊಟ್ಟೆಗೆ ಹೋಗ್ತಾ ಇಲ್ಲ, ಪುಪ್ಪುಸಕ್ಕೆ ಹೋಗ್ತಾ ಇದೆ!"

ಗಂಟಲಿನಲ್ಲಿ ದಾರಿ ಎರಡಾಗಿ ಒಡೆಯುತ್ತದೆ, ಒಂದು ಅನ್ನದ ದಾರಿ, ಒಂದು ಉಸಿರಿನ ದಾರಿ. ನುಂಗುವಾಗ ಉಸಿರಿನ ದಾರಿಯನ್ನು ಮುಚ್ಚಿಕೊಳ್ಳುವ ಶಕ್ತಿ ಹೋದವರಿಗೆ ತೆಳ್ಳನೆಯ ನೀರೇ ಹೆಚ್ಚು ಅಪಾಯ. ಕೂರಿಸಿ, ಗದ್ದವನ್ನು ಎದೆಯ ಕಡೆ ತಗ್ಗಿಸಿ, ಸ್ವಲ್ಪ ಗಟ್ಟಿಯಾದದ್ದನ್ನು ಚಮಚೆ ಚಮಚೆಯಾಗಿ ಕೊಡಬೇಕು, ಕೊಟ್ಟಾದ ಮೇಲೂ ಕೂತೇ ಇರಬೇಕು. ಕೆಮ್ಮದಿದ್ದರೆ ಸರಿಯಾಗಿ ಇಳಿಯಿತು ಎಂದುಕೊಳ್ಳಬಾರದು, ಕೆಲವರಿಗೆ ಕೆಮ್ಮುವ ಶಕ್ತಿಯೂ ಹೋಗಿರುತ್ತದೆ. ಇದನ್ನೆಲ್ಲ ರಾಯರು ಅಂದು ಸಿಡುಕುತ್ತಾ ಹೇಳಿದರು. ಆ ಅಜ್ಜಿ ಉಳಿಯಲಿಲ್ಲ. ಗಂಜಿಯಿಂದ ಹೋದರೋ ಲಕ್ವದಿಂದ ಹೋದರೋ ನನಗೆ ಗೊತ್ತಾಗಲಿಲ್ಲ. ಮಗಳು ಒಳಲೆಯನ್ನು ಸೆರಗಿನಲ್ಲಿ ಒರೆಸಿ ಒರೆಸಿ ಇಟ್ಟುಕೊಂಡು ಹೋದಳು.

ಇಷ್ಟು ಪಾಠ ಆಗಿದೆಯಲ್ಲ, ಇನ್ನು ನುಂಗುವ ವಿಷಯದಲ್ಲಿ ನನ್ನನ್ನು ಯಾರೂ ಅಲ್ಲಾಡಿಸಲಾರರು ಎಂದುಕೊಂಡಿದ್ದೆ. ಆಗ ಬಂದರು ಪುಟ್ಟಮಾದಪ್ಪನವರು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮತ್ತೆ ಕೊಳ್ಳೇಗಾಲಕ್ಕೆ ಬಂದಿದ್ದೆ. ಪುಟ್ಟಮಾದಪ್ಪನವರು ಯಳಂದೂರಿನ ಹತ್ತಿರದ ಹಳ್ಳಿಯವರು, ಗದ್ದೆ ತೋಟ ಚೆನ್ನಾಗಿದ್ದ, ಲಿಂಗ ಕಟ್ಟುವ ಶಿವಾಚಾರದ ಮನೆ. ಎತ್ತರದ ಆಳು, ಆದರೆ ಬಂದಾಗ ಅಂಗಿ ಗೂಟಕ್ಕೆ ನೇತು ಹಾಕಿದಂತಿತ್ತು. ಜ್ವರ, ಏದುಸಿರು, ಕೆಮ್ಮು. ಜೊತೆಗೆ ಮೂವರು: ಮಗ ಮಾದೇವಸ್ವಾಮಿ, ಸೊಸೆ ಗೌರಮ್ಮಣ್ಣಿ, ಮತ್ತು ವಿಧವೆಯಾಗಿ ತಮ್ಮನ ಮನೆಯಲ್ಲೇ ಇದ್ದ ಅಕ್ಕ ಪುಟ್ಟಮ್ಮಣ್ಣಿ. ಪುಟ್ಟಮಾದಪ್ಪನವರ ಹೆಂಡತಿ ತೀರಿಕೊಂಡ ಮೇಲೆ ಈ ಅಕ್ಕನೇ ಅಡುಗೆಮನೆ ನೋಡಿಕೊಂಡಿದ್ದರು, ಸೊಸೆ ಬಂದ ಮೇಲೆ ಸೌಟು ಸೊಸೆಯ ಕೈಗೆ ಹೋಗಿತ್ತು.

ಏನಾಯಿತು ಎಂದು ರಾಯರು ಕೇಳಿದ್ದಕ್ಕೆ ಅಕ್ಕನೇ ಉತ್ತರ ಕೊಟ್ಟರು.

"ಏನಾಗದೆ ಸಾ, ಮದ್ದೀಡು. ಉಂಡಿದ್ದು ಒಟ್ಟೇಲಿ ಅರಗ್ದೆ ಅಂಗಂಗೇ ವಾಪಸ್ ಬತ್ತದೆ. ತಗ್ಸಕೆ ಅಂತ ಗಡಿ ತಾವ ಮದ್ದು ತಗ್ಯೋರ ತಾವ್ಕೆ ಕರ್ಕಂಡೋಗಿದ್ವಿ. ಸೊಪ್ಪಿನ ರಸ ಕುಡ್ಸುದ್ರು, ಬೋಸಿ ತುಂಬ ಕಕ್ಕುದ. ಮೊನ್ನೆ ತಿಂದಿದ್ ಅವರೆಕಾಳು ಸಾ, ಸಿಪ್ಪೆ ಸಮೇತ ಅಂಗೇ ಬಂತು! ಮನ್ಸರ ಒಟ್ಟೇಲಿ ಕಾಳು ಅಂಗೇ ಇರ್ತದಾ?"

ಊಟದಲ್ಲಿ ಏನನ್ನೋ ಬೆರೆಸಿ ಕೊಟ್ಟು ಆಳನ್ನು ಸವೆಸುತ್ತಾರೆ, ಅದು ಒಳಗೆ ಅಂಟಿಕೊಂಡು ಕೂತಿರುತ್ತದೆ ಎನ್ನುವ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲೂ ಇತ್ತು. ಅದನ್ನು ಕಕ್ಕಿಸಿ ತೆಗೆಯುವವರೂ ಇದ್ದರು. ಕಕ್ಕಿಸಿದ್ದರಲ್ಲಿ ಒಂದಷ್ಟು ಪುಪ್ಪುಸಕ್ಕೆ ಇಳಿದು ಈ ಜ್ವರ ಬಂದಿದೆ ಎಂಬುದು ರಾಯರಿಗೆ ಗೊತ್ತಾಯಿತು. ಆದರೆ ಮೊನ್ನೆ ತಿಂದ ಅವರೆಕಾಳು? ರಾಯರು ಕನ್ನಡಕ ತೆಗೆದು ಒರೆಸಿದರು.

ಯಾರು ಹಾಕಿದರು ಎಂಬ ಪ್ರಶ್ನೆಗೆ ಪುಟ್ಟಮ್ಮಣ್ಣಿ ಬಾಗಿಲ ಬಳಿ ನಿಂತಿದ್ದ ಸೊಸೆಯ ಕಡೆ ಒಮ್ಮೆ ನೋಡಿದರು, ಅಷ್ಟೆ. ಗೌರಮ್ಮಣ್ಣಿಯ ತವರು ಹನೂರಿನ ಕಡೆಯ ಶಾಗ್ಯ. ಕಾಡಂಚಿನವರು, ಬೇರು ನಾರು ಬಲ್ಲವರು ಎಂದು ಬಯಲಿನವರಿಗೆ ಮೊದಲೇ ಒಂದು ಗುಮಾನಿ. ಆಮೇಲೆ ಹೊರಗೆ ಜಗಲಿಯಲ್ಲಿ ಪುಟ್ಟಮ್ಮಣ್ಣಿ ನನಗೆ ಬಿಡಿಸಿಯೇ ಹೇಳಿದರು.

"ಇವನು ಉಸಾರಾಗಿ ಮನೆಗ್ ಬರ್ಲಿ ಸಿಸ್ಟ್ರಮ್ಮ. ಅವತ್ತೇ ಅವ್ಳ ತೌರಿಗೆ ಬುಟ್ಬುಟ್ಟು ಬತ್ತೀವಿ. ಮಾದೇವಂಗೂ ಏಳಿವ್ನಿ. ಅವ ಊ ಅಂದವ್ನೆ."

ಆ ಹುಡುಗಿಯ ಬಾಳು ಈ ಗಂಟಲಿನಲ್ಲಿ ಸಿಕ್ಕಿಕೊಂಡಿದೆ ಎಂದು ನನಗೆ ಅರ್ಥವಾಗಿದ್ದು ಆಗ. ಗಂಟಲಿನಲ್ಲಿ ಏನಿದೆ ಎಂದು ಮಾತ್ರ ಯಾರಿಗೂ ಅರ್ಥವಾಗಿರಲಿಲ್ಲ.

ಜ್ವರಕ್ಕೆ ಪೆನ್ಸಿಲಿನ್ ಕೊಟ್ಟೆವು, ಇಳಿಯಿತು. ಆದರೂ ಕೆಮ್ಮು ಹೋಗಲಿಲ್ಲ, ಮೈ ಹತ್ತಲಿಲ್ಲ. ಕ್ಷಯ ಇರಬಹುದು ಎಂದು ರಾಯರು ಕಫ ಪರೀಕ್ಷೆ ಮಾಡಿಸಿದರು. ಏನೂ ಇಲ್ಲ ಎಂದು ಬಂತು. ಮತ್ತೊಮ್ಮೆ ಮಾಡಿಸಿದರು, ಮತ್ತೆ ಏನೂ ಇಲ್ಲ. ಇದ್ದರೂ ಇರಬಹುದು ಎಂದು ಸ್ಟ್ರೆಪ್ಟೊಮೈಸಿನ್ ಶುರು ಮಾಡಿದರು. ಹೊಟ್ಟೆಯ ಹುಣ್ಣು ಇರಬಹುದು ಎಂದು ಸುಣ್ಣದಂಥ ಒಂದು ಔಷಧಿಯನ್ನೂ ಬರೆದರು. ಆ ತಿಂಗಳು ಅವರ ಕನ್ನಡಕದಷ್ಟು ಶುಭ್ರವಾದ ಪದಾರ್ಥ ನಮ್ಮ ಆಸ್ಪತ್ರೆಯಲ್ಲಿ ಇನ್ನೊಂದಿರಲಿಲ್ಲ.

ನಾನು ಹನೂರಿನಲ್ಲಿ ಕಲಿತದ್ದನ್ನು ಪ್ರಯೋಗಿಸಿದೆ. ಕೂರಿಸಿದೆ, ಗದ್ದ ತಗ್ಗಿಸಿದೆ, ಗಟ್ಟಿಯಾಗಿ ಕೊಟ್ಟೆ. ಪುಟ್ಟಮಾದಪ್ಪನವರು ಮಗುವಿನಂತೆ ಹೇಳಿದ್ದೆಲ್ಲ ಕೇಳಿದರು. ನುಂಗುವಾಗ ಕೆಮ್ಮಲಿಲ್ಲ, ಲಕ್ವದ ಸುಳಿವೂ ಇರಲಿಲ್ಲ. ಎಲ್ಲ ಮುಗಿದು, ತಟ್ಟೆ ತೊಳೆದು, ಮಲಗಿದ ಮೇಲೆ ಕೆಮ್ಮು ಬಂದು ದಿಂಬಿನ ಮೇಲೆ ಉಪ್ಪಿಟ್ಟಿನ ರವೆ ಬಿತ್ತು. ಬೆಳಗ್ಗೆ ತಿಂದ ಉಪ್ಪಿಟ್ಟು, ಹುಳಿಯ ವಾಸನೆಯೇ ಇಲ್ಲ. ಹೊಟ್ಟೆಗೆ ಹೋಗಿ ಬಂದದ್ದಾದರೆ ಹುಳಿಯಾಗಿರಬೇಕಿತ್ತಲ್ಲ? ನಾನು ರವೆಯನ್ನು ಮೂಸಿ ನೋಡಿದೆ, ಆಯಾಳಿಗೂ ಮೂಸಲು ಕೊಟ್ಟೆ. ಅವಳು ತಮಿಳಿನಲ್ಲಿ ನನಗೆ ಏನೋ ಅಂದಳು.

ಬಾಯಿಯಿಂದ ಕೊಡುವುದೇ ಬೇಡ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಹಾಕಿ ಎಂದರು ರಾಯರು. ಹಾಕಿದೆ. ಸಲೀಸಾಗಿ ಹೋಯಿತು, ಒಂದಷ್ಟು ಹೋಗಿ ನಿಂತಿತು. ಟ್ಯೂಬಿನೊಳಗೆ ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಬೇಕು, ಗುಳ್ ಎಂದರೆ ಸರಿಯಾದ ಜಾಗದಲ್ಲಿದೆ ಎಂದು. ಈಗ ಇದಕ್ಕಿಂತ ನಂಬಿಕೆಯ ಪರೀಕ್ಷೆಗಳಿವೆಯಂತೆ; ಹುಡುಗಿಯರೇ, ಟ್ಯೂಬ್ ಎಲ್ಲಿದೆ ಎಂದು ನೋಡುವುದನ್ನು ಮಾತ್ರ ಎಂಥ ಅವಸರದಲ್ಲೂ ಬಿಡಬೇಡಿ. ನಾನು ಊದಿದೆ, ರಾಯರು ಕೇಳಿದರು. ಹೊಟ್ಟೆಯಲ್ಲಿ ಸದ್ದಿಲ್ಲ.

"ಪುಪ್ಪುಸಕ್ಕೆ ಹೋಗಿದೆ, ಎಳೀರಿ."

"ಇಲ್ಲ ಸಾರ್, ಕೆಮ್ಮೇ ಇಲ್ಲ, ಆರಾಮಾಗಿ ಮಾತಾಡ್ತಿದ್ದಾರೆ."

"ಹೊಟ್ಟೇಲಿಲ್ಲ, ಪುಪ್ಪುಸದಲ್ಲಿಲ್ಲ, ಮತ್ತೆ ಎಲ್ಲಿಗೆ ಹೋಯ್ತು ರಾಜಮ್ಮ? ಕೊಳ್ಳೇಗಾಲದ ಬಸ್ ಸ್ಟ್ಯಾಂಡಿಗಾ?"

ಎಳೆದೆ. ಟ್ಯೂಬಿನ ತುದಿಯಲ್ಲಿ ಒಂದು ಅವರೆಕಾಳಿನ ಸಿಪ್ಪೆ ಅಂಟಿಕೊಂಡಿತ್ತು. ಆಸ್ಪತ್ರೆಗೆ ಬಂದ ಮೇಲೆ ಅವರು ಅವರೆಕಾಳು ತಿಂದಿರಲೇ ಇಲ್ಲ. ನಾನೂ ರಾಯರೂ ಆ ಸಿಪ್ಪೆಯನ್ನು ನೋಡುತ್ತಾ ನಿಂತೆವು. ಬಾಗಿಲಲ್ಲಿದ್ದ ಪುಟ್ಟಮ್ಮಣ್ಣಿ, "ನೋಡುದ್ರಾ? ನಾ ಏಳ್ನಿಲ್ವಾ?" ಎಂದರು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಮೈ ಜುಮ್ಮೆಂದಿತು. ಓದಿದವಳು ನಾನು, ಆದರೂ ಕಿಟಕಿಯ ಹೊರಗೆ ನಿಂತಿದ್ದ ಗೌರಮ್ಮಣ್ಣಿಯ ಕಡೆ ನನ್ನ ಕಣ್ಣು ತಾನಾಗಿಯೇ ಹೋಯಿತು.

ಅವಳು ಅದನ್ನು ನೋಡಿದಳು. ಮಧ್ಯಾಹ್ನ ನಾನು ಸೂಜಿಗಳನ್ನು ಕುದಿಸಲು ಇಟ್ಟಿದ್ದಾಗ ಬಂದು ಪಕ್ಕದಲ್ಲಿ ನಿಂತಳು.

"ಸಿಸ್ಟ್ರಮ್ಮ, ಒಂದ್ ಮಾತು ಕೇಳ್ತೀನಿ, ಬಯ್ಬ್ಯಾಡಿ. ನಂಗೇ ಗೊತ್ತಿಲ್ದಂಗೆ ನನ್ ಕೈಯಿಂದ ಏನಾರ ಬಿದ್ದಿರ್ಬೋದಾ?"

"ಏನು ಬೀಳುತ್ತೆ?"

"ಅದೇ ಗೊತ್ತಾಯ್ತಾ ಇಲ್ಲ. ನಮ್ಮೂರಿಂದ ಸೊಪ್ಪು ಸೆದೆ ತತ್ತಿದ್ದೆ. ಅದ್ರಲ್ಲಿ ಏನಾರ ಇತ್ತೇನೋ. ನಾನು ಮೊದ್ಲು ನಂಗೇ ಆಕ್ಕಂಡು ತಿಂದು ನೋಡಿ ಮಾವಂಗೆ ಬಡುಸ್ತಾ ಇವ್ನಿ, ಒಂದೊರ್ಸದಿಂದ. ನಂಗೇನೂ ಆಗ್ನಿಲ್ಲ. ಆದ್ರೂ ದಿನಾ ಅಂತವ್ರಲ್ಲ ಸಿಸ್ಟ್ರಮ್ಮ, ಕೇಳೀ ಕೇಳೀ ನನ್ ಕೈ ಮ್ಯಾಲೆ ನಂಗೇ ಅನ್ಮಾನ ಬಂದದೆ."

ಅವಳು ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು, ಅಲ್ಲಿ ಏನಾದರೂ ಮೆತ್ತಿದೆಯೇನೋ ಎಂಬಂತೆ. ನನಗೆ ಸಂಕಟವಾಯಿತು. ಏನೂ ಬಿದ್ದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಆದರೆ ಆ ಸಿಪ್ಪೆ ಎಲ್ಲಿಂದ ಬಂತು ಎಂದು ಅವಳು ಕೇಳಿದರೆ ಏನು ಹೇಳಲಿ? "ನೋಡೋಣ" ಎಂದೆ, ರಾಯರ ಹಾಗೆ.

ಎಲ್ಲ ಬಿಟ್ಟು ಎದೆಯ ಎಕ್ಸ್-ರೇ ತೆಗೆಸೋಣ ಎಂದರು ರಾಯರು. ನಮ್ಮ ವ್ಯಾಪಾರಿ ದಾನಿಗಳು ಸಣ್ಣ ಯಂತ್ರವೊಂದನ್ನು ಹೊಸದಾಗಿ ತರಿಸಿದ್ದರು. ಫಿಲ್ಮ್ ತೊಳೆದು ತಂದಾಗ ರಾಯರು ಬೆಳಕಿಗೆ ಹಿಡಿದು ಹೌಹಾರಿದರು. ಎದೆಯ ನಟ್ಟನಡುವೆ ಬೆಳ್ಳಗೆ, ಗುಂಡಗೆ, ಮೊಟ್ಟೆಯ ಗಾತ್ರದ ಒಂದು ಗಡ್ಡೆ!

ಯಂತ್ರದವನು ಮೆಲ್ಲಗೆ ಹೇಳಿದ: "ಅದು ಲಿಂಗದ ಕರಡಿಗೆ ಸಾರ್. ಬೆಳ್ಳೀದು. ಬಿಚ್ಚಿ ಅಂದ್ರೆ ಬಿಚ್ಚಲ್ಲ ಅಂದ್ರು."

ಬಿಚ್ಚುವುದಾದರೂ ಹೇಗೆ? ಲಿಂಗ ಮೈಬಿಟ್ಟು ಇರಬಾರದು ಎನ್ನುವ ನಿಷ್ಠೆಯವರು. ನಮ್ಮ ವಾರ್ಡಿನಲ್ಲೆಲ್ಲ ಅವರ ನಿಷ್ಠೆಯ ಬಗ್ಗೆ ಮಾತಿತ್ತು. ಪ್ರತಿ ಸಲ ಉಂಡಾದ ಮೇಲೆ, ಕಾಫಿ ಕುಡಿದ ಮೇಲೆ ಕೂಡ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ, ಎಡಗೈಯಿಂದ ಕತ್ತಿನ ಪಕ್ಕದಲ್ಲಿ ಆ ಕರಡಿಗೆ ಕಟ್ಟಿದ ಶಿವದಾರವನ್ನು ಹಿಡಿದುಕೊಂಡು ಒಂದು ಗಳಿಗೆ ಕೂರುತ್ತಿದ್ದರು. ಆ ಹೊತ್ತಿನಲ್ಲಿ ನಾವು ಯಾರೂ ಮಾತಾಡಿಸುತ್ತಿರಲಿಲ್ಲ. ತಮಿಳಿನ ಆಯಾ ಕೂಡ ದೂರ ನಿಂತು ಕೈಮುಗಿಯುತ್ತಿದ್ದಳು.

ಪುಟ್ಟಮಾದಪ್ಪನವರೇ ಉಪಾಯ ಹೇಳಿದರು. "ತಲೆ ಮ್ಯಾಲೆ ಮಡೀಕತೀನಿ ಸಾ. ಅಲ್ಲಿದ್ರೂ ದೋಸಿಲ್ಲ." ದಾರದ ಸಮೇತ ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತಲೆಯ ಮೇಲಿಟ್ಟು ರುಮಾಲು ಕಟ್ಟಿಕೊಂಡರು. ಎರಡನೆಯ ಫಿಲ್ಮ್ ತೆಗೆದದ್ದಾಯಿತು. ಅದರಲ್ಲಿ ಕ್ಷಯ ಕಾಣಲಿಲ್ಲ, ಪುಪ್ಪುಸದ ಕೆಳಭಾಗದಲ್ಲಿ ಮಾತ್ರ ಹಳೆಯ ಮಬ್ಬುಗಳಿದ್ದವು. ರಾಯರ ಕೈ ಕನ್ನಡಕಕ್ಕೆ ಹೋಯಿತು.

ಹೊರಗೆ ಬೆಂಚಿನ ಮೇಲೆ ಪುಟ್ಟಮಾದಪ್ಪನವರು ರುಮಾಲು ಬಿಚ್ಚದೆ ಕೂತು, ಮಗ ತಂದ ಕಾಫಿ ಕುಡಿದರು. ಲೋಟ ಕೆಳಗಿಟ್ಟರು. ಕಣ್ಣು ಮುಚ್ಚಿದರು, ತಲೆ ವಾಲಿಸಿದರು, ಎಡಗೈ ಕತ್ತಿಗೆ ಹೋಯಿತು.

ರಾಯರು ಕನ್ನಡಕವನ್ನು ಅರ್ಧ ಒರೆಸಿದ್ದವರು ಹಾಗೇ ನಿಂತರು. ನಾನೂ ನಿಂತೆ. ದಾರ ತಲೆಯ ಮೇಲಿತ್ತು. ಕತ್ತಿನಲ್ಲಿ ಏನೂ ಇರಲಿಲ್ಲ. ಆ ಕೈ ಬರಿಯ ಕತ್ತನ್ನು ಒತ್ತುತ್ತಿತ್ತು. ಒತ್ತಿದ್ದಕ್ಕೆ ಗುಳುಗುಳು ಎಂದು ಸದ್ದು ಬಂತು, ಹೂಜಿಯಿಂದ ನೀರು ಬಗ್ಗಿಸಿದ ಹಾಗೆ.

"ಏನು ಮಾಡ್ತಿದ್ದೀರಿ ಯಜಮಾನ್ರೇ?" ರಾಯರು ಹತ್ತಿರ ಹೋಗಿ ಕೇಳಿದರು.

"ಒತ್ತುದ್ರೆ ಇಳೀತದೆ ಸಾ. ಇಲ್ದಿದ್ರೆ ಇಲ್ಲೇ ಕೂತಿರ್ತದೆ."

"ಎಷ್ಟು ದಿನದಿಂದ ಹೀಗೆ ಒತ್ಕೋತೀರಿ?"

"ಬಾಳ ದಿನ್ವಾಯ್ತು. ಪಂಕ್ತೀಲಿ ಕೂತಾಗ ನಾಕ್ ಜನದ ಎದ್ರು ಗುಳ್ ಅಂತದಲ್ಲ, ಮಾನ ಓಯ್ತದೆ. ಅದ್ಕೇ ದಾರ ಇಡ್ಕಂಡಂಗೆ ಮಾಡ್ತಿದ್ದೆ. ಯಾರೂ ಕೇಳ್ನಿಲ್ಲ."

ಮದುವೆ ಮನೆಗಳಿಗೆ ಹೋಗುವುದನ್ನೇ ಅವರು ಬಿಟ್ಟಿದ್ದರಂತೆ. ನಾಚಿಕೆ ಮುಚ್ಚಿಕೊಳ್ಳಲು ಮಾಡಿದ್ದನ್ನು ನಾವೆಲ್ಲ ಭಕ್ತಿ ಎಂದು ಕೈಮುಗಿದೆವು, ಮುಟ್ಟಿ ನೋಡಬೇಕಾದ ಜಾಗವನ್ನು ಮರ್ಯಾದೆಗೆ ಮುಟ್ಟಲಿಲ್ಲ. ರಾಯರು ಆಗ ಕತ್ತಿನ ಎಡಭಾಗವನ್ನು ಒತ್ತಿ ನೋಡಿದರು. ಮೆತ್ತಗೆ ಏನೋ ಇತ್ತು, ಒತ್ತಿದರೆ ಕರಗುತ್ತಿತ್ತು. ಅನ್ನನಾಳದ ಬಾಯಿಯ ಹತ್ತಿರ ಗೋಡೆ ಸಡಿಲವಾಗಿ ಹಿಂದಕ್ಕೆ ಉಬ್ಬಿ ಚೀಲವಾಗುವ ಕಾಯಿಲೆಯೊಂದಿದೆ, ಪುಸ್ತಕದಲ್ಲಿ ಓದಿದ್ದೇನೆ, ಕಣ್ಣಲ್ಲಿ ನೋಡಿಲ್ಲ ಎಂದರು. ಉಂಡದ್ದರಲ್ಲಿ ಒಂದು ಪಾಲು ಹೊಟ್ಟೆಗೆ ಹೋಗದೆ ಆ ಚೀಲದಲ್ಲಿ ಕೂರುತ್ತದೆ. ಅಲ್ಲಿ ಅರಗುವುದಿಲ್ಲ, ದಿನಗಟ್ಟಲೆ, ಸಿಪ್ಪೆಯಂಥದು ವಾರಗಟ್ಟಲೆ ಹಾಗೇ ಇರುತ್ತದೆ. ಮಲಗಿದಾಗ ಹೊರಗೆ ಸುರಿದು ಉಸಿರಿನ ದಾರಿ ಹಿಡಿಯುತ್ತದೆ. ನನ್ನ ಟ್ಯೂಬ್ ಹೋಗಿ ಕೂತಿದ್ದೂ ಅಲ್ಲೇ. ಇವರಿಗೆ ಗದ್ದ ತಗ್ಗಿಸಿ ಉಣ್ಣಿಸಿದರೆ ಪ್ರಯೋಜನವಿಲ್ಲ, ಚೀಲವನ್ನು ಖಾಲಿ ಮಾಡಿಸಿದ ಮೇಲೇ ಮಲಗಿಸಬೇಕು, ಅದೂ ತಲೆಯ ಕಡೆ ಎತ್ತರಿಸಿ.

ಮೈಸೂರಿನ ದೊಡ್ಡ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಬೇರಿಯಂ ಎನ್ನುವ ಬಿಳಿಯ ಹಿಟ್ಟಿನ ನೀರನ್ನು ಗುಟುಕು ಗುಟುಕಾಗಿ ಕುಡಿಸಿ ಎಕ್ಸ್-ರೇ ತೆಗೆದರು. ಕತ್ತಿನ ಎಡಕ್ಕೆ ಬೆಳ್ಳಗೆ, ಎಲೆಯಡಿಕೆ ಚೀಲದ ಆಕಾರದಲ್ಲಿ ಸ್ಪಷ್ಟವಾಗಿ ಬಂತು. ಕತ್ತಿನ ಪಕ್ಕದಿಂದ ಕೊಯ್ದು ಅದನ್ನು ತೆಗೆದು ಹೊಲಿದರು. ಈಗ ಬಾಯೊಳಗಿಂದಲೇ ಕೊಳವೆ ಇಳಿಸಿ ಸರಿ ಮಾಡುತ್ತಾರಂತೆ, ಆಗ ಅದೊಂದು ದೊಡ್ಡ ಆಪರೇಷನ್. ಬಿಡುಗಡೆಯ ದಿನ ಅಲ್ಲಿಯ ಸರ್ಜನ್, "ಇನ್ನು ಮೇಲೆ ಏನು ತಿಂದರೂ ಚೆನ್ನಾಗಿ ಅಗಿದು ತಿನ್ನಬೇಕು, ರಾಗಿ ಮುದ್ದೆಯನ್ನೂ ಸಹ" ಎಂದರು. ಪುಟ್ಟಮಾದಪ್ಪನವರು ಆಪರೇಷನ್ನಿಗೆ ಹೆದರದವರು ಇದಕ್ಕೆ ಹೆದರಿದರು. "ನುಂಗೋ ಮುದ್ದೆನ ಅಗ್ಯೋದಾ? ನೋಡ್ದೋರು ಏನಂದಾರು ಸಿಸ್ಟ್ರಮ್ಮ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ನನಗೆ ಭಾರಿ ಹುಮ್ಮಸ್ಸು. ಕಾಯಿಲೆ ಗೊತ್ತಾಯಿತು, ಕಾರಣ ಗೊತ್ತಾಯಿತು, ಗೌರಮ್ಮಣ್ಣಿ ಪಾರಾದಳು ಎಂದುಕೊಂಡೆ. ಅಷ್ಟರಲ್ಲಿ ನನ್ನನ್ನು ಯಳಂದೂರಿನ ಶಾಖೆಗೆ ಹಾಕಿದ್ದರು. ಮೈಸೂರಿನ ಆ ಫಿಲ್ಮನ್ನು ರಾಯರಿಂದ ಕೇಳಿ ತೆಗೆದುಕೊಂಡು, ಗಾಯ ನೋಡುವ ನೆಪದಲ್ಲಿ ಒಂದು ಮಧ್ಯಾಹ್ನ ಅವರ ಹಳ್ಳಿಗೆ ಹೋದೆ.

ಗೌರಮ್ಮಣ್ಣಿ ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದಳು. ಅಡುಗೆಮನೆಯ ಹೊಸಿಲು ದಾಟಬಾರದು ಎಂದು ಕಟ್ಟು ಮಾಡಿದ್ದರು. ಬರುವ ಸೋಮವಾರ ಅವಳನ್ನು ಶಾಗ್ಯಕ್ಕೆ ಬಿಟ್ಟು ಬರುವುದೆಂದು ಮಾತಾಗಿತ್ತು. ಪಡಸಾಲೆಯಲ್ಲಿ ಪುಟ್ಟಮ್ಮಣ್ಣಿ, ಮಾದೇವಸ್ವಾಮಿ, ನೆರೆಹೊರೆಯ ನಾಲ್ಕಾರು ಜನ ಸೇರಿದರು. ನಾನು ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದು, ಇದು ಗಂಟಲು, ಇದು ಅನ್ನದ ದಾರಿ, ಇದೇ ಚೀಲ ಎಂದು ಪಾಠ ಮಾಡುವವಳಂತೆ ತೋರಿಸಿದೆ.

ಪುಟ್ಟಮ್ಮಣ್ಣಿ ಹತ್ತಿರ ಬಂದು ನೋಡಿದರು. ಎಲ್ಲರೂ ಬಗ್ಗಿ ನೋಡಿದರು.

"ಅಗೋ! ಬೆಳ್ಳಗೆ ಕೂತದಲ್ಲ, ಅದೇ ಕಣ್ರವ್ವ!" ಎಂದರು ಪುಟ್ಟಮ್ಮಣ್ಣಿ. "ಎಂಗ್ ಅಂಟ್ಕಂಡದೆ ನೋಡಿ! ಇದ್ನ ಕುಯ್ದು ತಗದವ್ರೆ ಡಾಕ್ಟ್ರು. ಅದ್ಕೇ ಈಗ ಉಂಡಿದ್ದು ನಿಲ್ತಾ ಅದೆ."

"ಅಯ್ಯೋ ಇಲ್ಲ ದೊಡ್ಡವ್ವ! ಈ ಬೆಳ್ಳಗಿರೋದು ನಾವೇ ಕುಡಿಸಿದ್ದು!"

ನೆರೆಯವರೊಬ್ಬರು ಅನುಮಾನದಿಂದ ಕೇಳಿದರು: "ನೀವೂ ಕುಡುಸುದ್ರಾ? ಯಾಕೆ?"

ನಾನು ಬಿಡಿಸಲು ಹೋದಷ್ಟೂ ಸಿಕ್ಕಾಯಿತು. ಚೀಲ ತಾನಾಗಿಯೇ ಆಯಿತು ಎಂದರೆ, ತಾನಾಗಿಯೇ ಯಾಕಾಗುತ್ತದೆ ಎಂದರು. ವಯಸ್ಸಾದವರಿಗೆ ಕೆಲವರಿಗೆ ಆಗುತ್ತದೆ ಎಂದರೆ, ಊರಲ್ಲಿ ಇಷ್ಟು ಜನ ಮುದುಕರಿದ್ದಾರೆ, ಇವನಿಗೇ ಯಾಕಾಯಿತು ಎಂದರು. ಅದಕ್ಕೆ ರಾಯರ ಬಳಿಯೂ ಉತ್ತರವಿರಲಿಲ್ಲ, ಮೈಸೂರಿನ ಸರ್ಜನ್ ಬಳಿಯೂ ಇರಲಿಲ್ಲ. ಗೌರಮ್ಮಣ್ಣಿ ಹಿತ್ತಲ ಬಾಗಿಲಲ್ಲಿ ನಿಂತು ಫಿಲ್ಮಿನ ಬಿಳಿಯನ್ನೇ ನೋಡುತ್ತಿದ್ದಳು. ಅವಳನ್ನು ಬಿಡಿಸಲು ಬಂದು, ಅವಳೇ ಮಾಡಿದ್ದು ಎಂಬುದಕ್ಕೆ ನಾನೇ ಸಾಕ್ಷಿ ತಂದು ಕೊಟ್ಟ ಹಾಗಾಗಿತ್ತು.

ಗೋಡೆಗೊರಗಿ ಕೂತಿದ್ದ ಪುಟ್ಟಮಾದಪ್ಪನವರು ಈಗ ಬಾಯಿ ಬಿಟ್ಟರು.

"ಒಟ್ಟೆ ಅಸೀತದೆ. ಗೌರವ್ವ, ಊಟಕ್ಕೆ ಬಡ್ಸವ್ವ."

"ನಾನ್ ಬಡುಸ್ತೀನಿ ಇರ್ಲಾ" ಎಂದು ಪುಟ್ಟಮ್ಮಣ್ಣಿ ಎದ್ದರು.

"ನೀ ಕೂತ್ಕೊ ಅಕ್ಕ. ಅವ್ಳೇ ಬಡುಸ್ಲಿ."

ಗೌರಮ್ಮಣ್ಣಿ ಅಲ್ಲಾಡಲಿಲ್ಲ. "ನಾ ಬಡ್ಸಲ್ಲ ಮಾವ" ಎಂದಳು. "ನನ್ ಕೈ ನಂಗೇ ನಂಬ್ಕೆ ಇಲ್ಲ."

"ನಂಗೂ ಏನೂ ಗೊತ್ತಿಲ್ಲ ಕಣವ್ವ" ಎಂದರು ಪುಟ್ಟಮಾದಪ್ಪನವರು. "ಈ ಸಿಸ್ಟ್ರಮ್ಮ ಒಂದು ಏಳ್ತದೆ, ಅಕ್ಕ ಒಂದು ಏಳ್ತಳೆ. ನನ್ ಗಂಟ್ಲೊಳಗೆ ಇದ್ದಿದ್ದು, ನಾನೂ ಕಂಡಿಲ್ಲ. ಯಾವ್ದು ನಿಜವೋ ಆ ಬೆಟ್ಟದ ಮಾದಪ್ಪಂಗೇ ಗೊತ್ತು. ಆದ್ರೆ ನಾನು ಸಾಯ್ತಾ ಬಿದ್ದಿದ್ದಾಗ ನಂಗಿಂತ ಮುಂಚೆ ನನ್ ತಟ್ಟೇದ ತಿಂದು ನೋಡ್ತಿದ್ದೋಳು ನೀನು. ಅದ್ನ ನಾನ್ ಕಂಡಿವ್ನಿ. ಬಡ್ಸು."

ಅವಳು ಕೈಕಾಲು ತೊಳೆದು ಹೊಸಿಲು ದಾಟಿ ಒಳಗೆ ಹೋದಳು. ಯಾರೂ ತಡೆಯಲಿಲ್ಲ. ಬಿಸಿ ಮುದ್ದೆ, ಅವರೆಕಾಳಿನ ಸಾರು ತಂದು ಮುಂದಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಸೆರಗು ಬಾಯಿಗೆ ಹಿಡಿದು ನಿಂತಳು. ಪುಟ್ಟಮಾದಪ್ಪನವರು ಸಣ್ಣ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಎಲ್ಲರ ಮುಂದೆ ನಾಚಿಕೊಂಡು ಒಂದಿಷ್ಟು ಅಗಿದು, ನುಂಗಿದರು. ಮತ್ತೊಂದು ತುತ್ತು, ಮತ್ತೊಂದು. ಊಟ ಮುಗಿಯಿತು. ಕೈ ತೊಳೆದು ಕಣ್ಣು ಮುಚ್ಚಿದರು, ತಲೆ ವಾಲಿಸಿದರು, ಎಡಗೈ ಕತ್ತಿಗೆ ಹೋಯಿತು.

ನಾನಂತೂ ಆ ಗುಳುಗುಳು ಸದ್ದಿಗೆ ಕಿವಿಗೊಟ್ಟು ಸತ್ತೇ ಹೋಗಿದ್ದೆ. ಕೈ ಗಾಯದ ಗುರುತಿನ ಮೇಲೆ ಒಂದು ಗಳಿಗೆ ತಡಕಾಡಿತು. ಸದ್ದು ಬರಲಿಲ್ಲ. ಒತ್ತುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕೈ ಮೆಲ್ಲಗೆ ಪಕ್ಕಕ್ಕೆ ಸರಿದು, ಶಿವದಾರವನ್ನು ಹಿಡಿದುಕೊಂಡಿತು.

"ಇಳೀತಾ ಮಾವ?" ಎಂದಳು ಗೌರಮ್ಮಣ್ಣಿ.

"ಇಳೀತು ಕಣವ್ವ."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಮಾದೇವಸ್ವಾಮಿ ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟ. ನನಗೆ ಗೊತ್ತಿದ್ದಂತೆ ಆ ಮನೆಯಲ್ಲಿ ಅವನು ಯಾರನ್ನೂ ಕೇಳದೆ ಮಾಡಿದ ಮೊದಲ ಕೆಲಸ ಅದು. ಆ ಸೋಮವಾರ ಯಾರೂ ಶಾಗ್ಯಕ್ಕೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ.

ಪುಟ್ಟಮ್ಮಣ್ಣಿ ನನ್ನನ್ನು ಬೀದಿಯವರೆಗೆ ಕಳಿಸಲು ಬಂದರು. "ತಗದಾದ್ ಮ್ಯಾಲೆ ಇಳೀದೇ ಏನು ಸಿಸ್ಟ್ರಮ್ಮ" ಎಂದರು, ನನ್ನ ಕೈಗೆ ಒಂದು ಸೇರು ಅವರೆಕಾಳು ಕೊಡುತ್ತಾ. ನಾನು ಫಿಲ್ಮನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಗೆ ಕಾದೆ. ಪುಟ್ಟಮಾದಪ್ಪನವರು ನನ್ನ ಚೀಲವನ್ನು ನಂಬಿದರೋ, ಅಕ್ಕನ ಮದ್ದೀಡನ್ನು ನಂಬಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವತ್ತು ಮಾತ್ರ ಅವರು ಅವಳ ಕೈಯಲ್ಲಿ ಉಂಡರು.